ಅಂಗಡಿಗೆ ಬಾರದ ಕ್ಯಾಮೆರಾಗಳು

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡಿಜಿಟಲ್ ಕ್ಯಾಮೆರಾದ ಚರಿತ್ರೆ ಎಂದೊಡನೆ ಒಂದು ಕತೆ ಥಟ್ಟನೆ ಮುಂದೆ ಬರುತ್ತದೆ. ಕೊಡಾಕ್ ಕಂಪನಿಯ ಎಂಜಿನಿಯರೊಬ್ಬರು 1975ರಲ್ಲೇ ಅಂಥ ಕ್ಯಾಮೆರಾ ಮಾಡಿದ್ದರು. ಫಿಲ್ಮಿನ ವ್ಯಾಪಾರ ಕೆಡುತ್ತದೆಂದು ಹೆದರಿದ ಕಂಪನಿ ಅದನ್ನು ಬಚ್ಚಿಟ್ಟಿತು. 2012ರಲ್ಲಿ ದಿವಾಳಿ ಅರ್ಜಿ ಹಾಕಿ ಅದರ ಫಲ ಉಂಡಿತು. ದೂರದೃಷ್ಟಿ ಇಲ್ಲದವರ ಗತಿ ಏನಾಗುತ್ತದೆ ಎಂದು ತೋರಿಸಲು ಈ ಕತೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಅದರಲ್ಲಿ ಬರುವ ಸಂಗತಿಗಳು ಬಹುಪಾಲು ನಿಜ, ತೀರ್ಪು ಮಾತ್ರ ತಪ್ಪು ಎಂಬುದು ನನ್ನ ವಾದ. 1975ರ ಕ್ಯಾಮೆರಾವನ್ನು ಮಾರಲಿಲ್ಲವೆಂದು ಕೊಡಾಕನ್ನು ದೂರುವುದು ಅನ್ಯಾಯ. ದೂರಲೇಬೇಕಾದ ವರ್ಷ ಬೇರೆ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಫಿಲ್ಮಿನ ಬಗ್ಗೆ ಒಂದು ಮಾತು. ನಿಮ್ಮಲ್ಲಿ ರೀಲು ಹಾಕಿ ಫೋಟೋ ತೆಗೆದವರಿಗೆ ಇದು ಗೊತ್ತು, ಆದರೆ ಹೀಗೆ ಯೋಚಿಸಿರಲಾರಿರಿ: ಬೆಳಕನ್ನು ಹಿಡಿಯುವ ಕೆಲಸವನ್ನೂ ಹಿಡಿದದ್ದನ್ನು ಕಾಪಾಡುವ ಕೆಲಸವನ್ನೂ ಫಿಲ್ಮು ಒಂದೇ ಮೈಯಲ್ಲಿ ಮಾಡುತ್ತದೆ. ಅದಕ್ಕೆ ವಿದ್ಯುತ್ ಬೇಡ. ಅಗ್ಗ. ಡೆವಲಪ್ ಮಾಡಿದ ನೆಗೆಟಿವನ್ನು ಲಕೋಟೆಯಲ್ಲಿ ಹಾಕಿಟ್ಟರೆ ದಶಕಗಟ್ಟಲೆ ಉಳಿಯುತ್ತದೆ. ಎಲೆಕ್ಟ್ರಾನಿಕ್ ಕ್ಯಾಮೆರಾದಲ್ಲಿ ಈ ಎರಡು ಕೆಲಸಗಳು ಬೇರೆಯಾದವು. ಬೆಳಕು ಹಿಡಿಯಲು ಒಂದು ಚಿಪ್, ಚಿತ್ರ ಉಳಿಸಲು ಇನ್ನೊಂದು ವಸ್ತು, ನೋಡಲು ಮತ್ತೊಂದು ಪರದೆ, ಇಷ್ಟಕ್ಕೂ ಬ್ಯಾಟರಿ. ಮೊದಲನೆಯದು ಬೇಗ ಸಿಕ್ಕಿತು. ಉಳಿದವು ತಡವಾದವು. ಆದ್ದರಿಂದ ಇವತ್ತು ನಾನು ತೋರಿಸುವ ಪ್ರತಿ ಕ್ಯಾಮೆರಾಕ್ಕೂ ಎರಡು ಪ್ರಶ್ನೆ ಕೇಳೋಣ. ತೆಗೆದ ಚಿತ್ರವನ್ನು ಎಲ್ಲಿ ಇಡುತ್ತೀರಿ? ಎಲ್ಲಿ ನೋಡುತ್ತೀರಿ?

ಬೆಳಕು ಹಿಡಿಯುವ ಚಿಪ್ಪಿನ ಹೆಸರು ಸಿಸಿಡಿ. 1969ರ ಅಕ್ಟೋಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅದನ್ನು ರೂಪಿಸಿದರು. 2009ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು. ಬೆಳಕು ಬಿದ್ದಲ್ಲಿ ವಿದ್ಯುದಾವೇಶ ಹುಟ್ಟಿ ಪುಟ್ಟ ಪುಟ್ಟ ಕೋಣೆಗಳಲ್ಲಿ ಶೇಖರವಾಗುತ್ತದೆ. ಸಾಲಾಗಿ ನಿಂತವರು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ, ಒಂದು ಕೋಣೆಯ ಆವೇಶ ಪಕ್ಕದ ಕೋಣೆಗೆ, ಅಲ್ಲಿಂದ ಮುಂದಕ್ಕೆ ಸಾಗಿ ಅಂಚಿನಲ್ಲಿ ಅಳತೆಗೆ ಸಿಗುತ್ತದೆ. ಇದರಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿ ಒಂದಿದೆ: ಬಾಯ್ಲ್ ಮತ್ತು ಸ್ಮಿತ್ ಹುಡುಕುತ್ತಿದ್ದದ್ದು ಕ್ಯಾಮೆರಾದ ಕಣ್ಣನ್ನಲ್ಲ, ಹೊಸ ಬಗೆಯ ಮೆಮೊರಿಯನ್ನು. ಮೆಮೊರಿಗೆಂದು ಹುಟ್ಟಿದ ಚಿಪ್ಪು ಕಣ್ಣಾಯಿತು. ಆ ಕಣ್ಣು ಕಂಡದ್ದನ್ನು ಇಡಲು ತಕ್ಕ ಮೆಮೊರಿ ಇಲ್ಲದೆ ಮುಂದಿನ ಎರಡು ದಶಕ ಕ್ಯಾಮೆರಾಗಳು ಪರದಾಡಿದವು.

ಫಿಲ್ಮು ಇಲ್ಲದ ಕ್ಯಾಮೆರಾದ ಕಲ್ಪನೆ ಕೊಡಾಕಿನದೇ ಎಂದು ಹೇಳುವಂತಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ವಿಲ್ಲಿಸ್ ಆಡ್‌ಕಾಕ್ 1972ರಲ್ಲೇ ಅಂಥದೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಅದು ಮಾರುಕಟ್ಟೆಯ ಸರಕಾಗಲಿಲ್ಲ. ಕೈಯಲ್ಲಿ ಹಿಡಿದು ಚಿತ್ರ ತೆಗೆಯಬಹುದಾದ ಕ್ಯಾಮೆರಾವನ್ನು ಕಟ್ಟಿದವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ಸ್ಟೀವನ್ ಸ್ಯಾಸನ್.

ಸ್ಯಾಸನ್ ಕೊಡಾಕ್ ಸೇರಿದ್ದು 1973ರಲ್ಲಿ. ಮೇಲಧಿಕಾರಿ ಗ್ಯಾರೆತ್ ಲಾಯ್ಡ್, ಸ್ಯಾಸನ್ ಕೈಗೆ ಒಂದು ಸಿಸಿಡಿ ಕೊಟ್ಟು, ಇದರಿಂದ ಏನಾದರೂ ಪ್ರಯೋಜನವಿದೆಯೇ ನೋಡು ಎಂದಷ್ಟೇ ಹೇಳಿದರು. ಅದು ಫೇರ್‌ಚೈಲ್ಡ್ ಕಂಪನಿಯ ಚಿಪ್. ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10,000 ಪಿಕ್ಸೆಲ್. ಆಗ ಸ್ಯಾಸನ್‌ಗೆ 24 ವರ್ಷ. ಬೇಕಾದ ಬಿಡಿಭಾಗಗಳನ್ನು ಅಲ್ಲಿ ಇಲ್ಲಿ ಆಯ್ದು ತಂದರು. ಮಸೂರ ಸೂಪರ್-8 ಚಲನಚಿತ್ರ ಕ್ಯಾಮೆರಾ ತಯಾರಿಸುವ ವಿಭಾಗದಲ್ಲಿ ಉಳಿದಿದ್ದದ್ದು. ವೋಲ್ಟೇಜನ್ನು ಅಂಕಿಗಳಾಗಿ ಮಾರ್ಪಡಿಸುವ ಚಿಪ್ ಮೊಟೊರೊಲಾದ್ದು, ಡಿಜಿಟಲ್ ವೋಲ್ಟ್‌ಮೀಟರ್‌ಗೆ ಹಾಕುವಂಥದ್ದು. ಶಕ್ತಿಗೆ 16 ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಚಿತ್ರ ಉಳಿಸಲು ಪಕ್ಕಕ್ಕೆ ಕಟ್ಟಿದ ಕ್ಯಾಸೆಟ್ ರೆಕಾರ್ಡರ್. ತಂತ್ರಜ್ಞ ಜಿಮ್ ಶ್ಯೂಕ್ಲರ್ ಜೊತೆಗೂಡಿದರು. 1975ರ ಡಿಸೆಂಬರಿನಲ್ಲಿ ಸಿದ್ಧವಾದ ಪೆಟ್ಟಿಗೆಯ ತೂಕ ಸುಮಾರು 3.6 ಕಿಲೋ.

ಗುಂಡಿ ಒತ್ತಿದರೆ ಬೆಳಕು ಹಿಡಿಯಲು ಬೇಕಾದದ್ದು ಸೆಕೆಂಡಿನ 20ರಲ್ಲಿ ಒಂದು ಭಾಗ. ಅದೇ ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಬೇಕಾದದ್ದು 23 ಸೆಕೆಂಡು. ಈ ಎರಡು ಅಂಕಿಗಳನ್ನು ದಯವಿಟ್ಟು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕಣ್ಣು ಚುರುಕಾಗಿದೆ, ನೆನಪು ತೆವಳುತ್ತಿದೆ. ಆಮೇಲೆ ಕ್ಯಾಸೆಟ್ಟನ್ನು ಹೊರತೆಗೆದು, ಮೈಕ್ರೊಪ್ರೊಸೆಸರ್ ಇರುವ ಇನ್ನೊಂದು ದೊಡ್ಡ ಯಂತ್ರಕ್ಕೆ ಹಾಕಬೇಕು. ಅದು 100 ಸಾಲುಗಳ ನಡುವೆ ಲೆಕ್ಕ ಹಾಕಿ ಸಾಲು ತುಂಬಿ, 400 ಸಾಲು ಮಾಡಿ, ಟಿವಿಗೆ ಕಳಿಸಬೇಕು.

ಮೊದಲ ಚಿತ್ರದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಂಜಿನಿಯರಿಂಗ್ ಓದುವವರಿಗೆ ಇದಕ್ಕಿಂತ ಚಂದದ ಪಾಠ ಸಿಗುವುದು ಅಪರೂಪ. ಪಕ್ಕದ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಯುವತಿಯೊಬ್ಬರನ್ನು ಕೇಳಿಕೊಂಡು ಅವರ ಚಿತ್ರ ತೆಗೆದರು. ಟಿವಿಯ ಮೇಲೆ ಅವರ ಕಪ್ಪು ಕೂದಲು ಸರಿಯಾಗಿ ಮೂಡಿತು, ಹಿಂದಿನ ಬಿಳಿ ಗೋಡೆಯೂ ಮೂಡಿತು, ಮುಖ ಮಾತ್ರ ಕಲಸಿಹೋಗಿತ್ತು. ಸ್ಯಾಸನ್ ಮತ್ತು ಶ್ಯೂಕ್ಲರ್ ಇಷ್ಟಕ್ಕೇ ಹಿಗ್ಗಿದರು. ಚಿತ್ರದ ಒಡತಿ ನೋಡಿ, ಇನ್ನೂ ಕೆಲಸ ಬಾಕಿ ಇದೆ ಎಂಬರ್ಥದ ಮಾತು ಹೇಳಿ ಹೊರಟುಹೋದರು. ಆದದ್ದೇನು? ಪ್ರತಿ ಪಿಕ್ಸೆಲ್ಲಿನ ಹೊಳಪನ್ನು 4 ಬಿಟ್‌ಗಳಲ್ಲಿ ಬರೆಯುತ್ತಿದ್ದರು. ತಂತಿಗಳ ಜೋಡಣೆಯಲ್ಲಿ ಬಿಟ್‌ಗಳ ಕ್ರಮ ತಿರುವುಮುರುವಾಗಿತ್ತು. ಕಡುಕಪ್ಪು ಎಂದರೆ 0000, ತಿರುಗಿಸಿದರೂ 0000. ಅಚ್ಚ ಬಿಳಿ ಎಂದರೆ 1111, ತಿರುಗಿಸಿದರೂ ಅದೇ. ಆದರೆ ಸ್ವಲ್ಪ ಕಪ್ಪಾದ 0011 ತಿರುಗಿದರೆ 1100 ಆಗಿ ಹೊಳೆಯುವ ಬಿಳುಪಾಗುತ್ತದೆ. ಮುಖದಲ್ಲಿರುವುದೆಲ್ಲ ಇಂಥ ನಡುವಿನ ಛಾಯೆಗಳೇ. ತಂತಿಗಳನ್ನು ಅದಲುಬದಲು ಮಾಡಿದರು, ಮುಖ ಮೂಡಿತು.

1976ರಲ್ಲಿ ಸ್ಯಾಸನ್ ಈ ಪೆಟ್ಟಿಗೆಯನ್ನು ಹೊತ್ತು ಕಂಪನಿಯ ಹಿರಿಯರ ಸಭೆಗಳಿಗೆ ಹೋದರು. ಕೋಣೆಯಲ್ಲಿದ್ದವರದೇ ಚಿತ್ರ ತೆಗೆದು ಅಲ್ಲೇ ತೋರಿಸಿದರು. ಬಂದ ಪ್ರಶ್ನೆಗಳನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಫೋಟೋವನ್ನು ಟಿವಿಯಲ್ಲಿ ನೋಡಲು ಯಾರು ಬಯಸುತ್ತಾರೆ? ಈ ಚಿತ್ರಗಳನ್ನು ಮನೆಯಲ್ಲಿ ಎಲ್ಲಿ ಇಡುವುದು? ಆಲ್ಬಂ ಹೇಗಿರುತ್ತದೆ? ಸಾಮಾನ್ಯ ಜನರ ಕೈಗೆ ಇದು ಯಾವಾಗ ಬರಬಹುದು?

ಈ ಪ್ರಶ್ನೆಗಳನ್ನು ಇಂದಿನವರು ಕುರುಡುತನದ ಸಾಕ್ಷಿ ಎಂದು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇವು ಆ ದಿನ ಕೇಳಲೇಬೇಕಾಗಿದ್ದ ಪ್ರಶ್ನೆಗಳು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇಂಟರ್ನೆಟ್ ಇಲ್ಲ, ಪ್ರಿಂಟರ್ ಇಲ್ಲ. 10,000 ಪಿಕ್ಸೆಲ್ಲಿನ ಕಪ್ಪು-ಬಿಳುಪು ಚಿತ್ರವನ್ನು ಮದುವೆಯ ಆಲ್ಬಮ್ಮಿನಲ್ಲಿ ಯಾರು ಅಂಟಿಸುತ್ತಿದ್ದರು? ಸ್ಯಾಸನ್ ಕೊಟ್ಟ ಉತ್ತರ ಇನ್ನೂ ಗಮನಾರ್ಹ. ಅಗ್ಗದ ಫಿಲ್ಮಿನ ಮಟ್ಟಕ್ಕೆ ಬರಲು 20 ಲಕ್ಷ ಪಿಕ್ಸೆಲ್ ಬೇಕಾದೀತು ಎಂದು ಅಂದಾಜು ಮಾಡಿ, ಚಿಪ್‌ಗಳ ಸಾಮರ್ಥ್ಯ ಬೆಳೆಯುವ ವೇಗವನ್ನು ಮೂರ್ ನಿಯಮದಿಂದ ಲೆಕ್ಕ ಹಾಕಿ, 15ರಿಂದ 20 ವರ್ಷ ಎಂದರು. ಎಂದರೆ 1990ರ ದಶಕದ ಮೊದಲರ್ಧ. ನಡೆದದ್ದೂ ಹೆಚ್ಚುಕಡಿಮೆ ಹಾಗೆಯೇ. ಕಂಪನಿ ಕೆಲಸವನ್ನು ನಿಲ್ಲಿಸಲೂ ಇಲ್ಲ: 1977ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿತು, 1978ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಇದೇ ವರ್ಷಗಳಲ್ಲಿ ಕೊಡಾಕಿನ ಇನ್ನೊಬ್ಬ ವಿಜ್ಞಾನಿ ಬ್ರೈಸ್ ಬೇಯರ್, ಚಿಪ್ಪಿನ ಮೇಲೆ ಕೆಂಪು, ಹಸಿರು, ನೀಲಿ ಚೌಕಗಳನ್ನು ಹರಡಿ ಬಣ್ಣ ಹಿಡಿಯುವ ಉಪಾಯ ಕಂಡುಹಿಡಿದರು. ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಕ್ಯಾಮೆರಾದಲ್ಲಿ ಇಂದಿಗೂ ಕೆಲಸ ಮಾಡುತ್ತಿರುವುದು ಬಹುಮಟ್ಟಿಗೆ ಅದೇ ಉಪಾಯ ಅಥವಾ ಅದರ ಮಗ, ಮೊಮ್ಮಗ. ಕಣ್ಣು ಮುಚ್ಚಿ ಕೂತ ಕಂಪನಿಯಲ್ಲಿ ಇಂಥದ್ದು ಹುಟ್ಟುವುದಿಲ್ಲ.

ಈಗ ಜಪಾನಿಗೆ ಹೋಗೋಣ. 1981ರ ಆಗಸ್ಟಿನಲ್ಲಿ ಸೋನಿ ಕಂಪನಿ ಮ್ಯಾವಿಕಾ ಎಂಬ ಕ್ಯಾಮೆರಾವನ್ನು ಲೋಕಕ್ಕೆ ತೋರಿಸಿತು. ನೋಡಲು ಸೊಗಸಾಗಿತ್ತು, ಮಸೂರ ಬದಲಿಸಬಹುದಿತ್ತು, ಚಿತ್ರಗಳು 2 ಅಂಗುಲದ ಪುಟ್ಟ ಕಾಂತೀಯ ತಟ್ಟೆಯಲ್ಲಿ ಕೂರುತ್ತಿದ್ದವು. ಒಂದು ತಟ್ಟೆಗೆ 50 ಚಿತ್ರ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಡಿಜಿಟಲ್ ಅಲ್ಲ. ಟಿವಿ ಸಂಕೇತದ ಒಂದು ಕ್ಷಣವನ್ನು ಅಂಕಿಗಳಾಗಿ ಮಾರ್ಪಡಿಸದೆ, ಹಾಗೆಯೇ ಅನಲಾಗ್ ರೂಪದಲ್ಲಿ ತಟ್ಟೆಗೆ ಬರೆಯುತ್ತಿತ್ತು. ಆದರೂ ಇದನ್ನು ಬಿಟ್ಟು ಈ ಕತೆ ಹೇಳಲಾಗದು, ಏಕೆಂದರೆ ಫಿಲ್ಮಿನ ಯುಗ ಮುಗಿಯಿತು ಎಂಬ ನಡುಕ ಮೊದಲ ಸಲ ಹುಟ್ಟಿದ್ದು ಇದರಿಂದ. ನಮ್ಮ ಎರಡು ಪ್ರಶ್ನೆಗಳನ್ನು ಕೇಳಿ. ಎಲ್ಲಿ ಇಡುತ್ತೀರಿ? ತಟ್ಟೆಯಲ್ಲಿ; ಒಳ್ಳೆಯ ಉತ್ತರ. ಎಲ್ಲಿ ನೋಡುತ್ತೀರಿ? ಟಿವಿಯಲ್ಲಿ, ಇಲ್ಲೇ ಎಡವಟ್ಟು. ಟಿವಿಯ ಸಾಲುಗಳಿಗಿಂತ ಹೆಚ್ಚಿನ ವಿವರ ಆ ಚಿತ್ರಕ್ಕೆ ಬರುವಂತಿರಲಿಲ್ಲ, ಕಾಗದಕ್ಕೆ ಇಳಿಸಿದರೆ ಸೊರಗುತ್ತಿತ್ತು. ಅಂದಹಾಗೆ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೂ ಅದೇ 1981ರಲ್ಲಿ. ಫೋಟೋವನ್ನು ಟಿವಿಯಲ್ಲಿ ನೋಡಿ ಎಂಬ ಮಾತಿಗೆ ಲೋಕದ ಎಷ್ಟು ಭಾಗ ಸಿದ್ಧವಿತ್ತು ಎಂದು ಇದರಿಂದ ಊಹಿಸಿಕೊಳ್ಳಬಹುದು. ಆ ಮೊದಲ ಮ್ಯಾವಿಕಾ ಮೂಲಮಾದರಿಯಾಗಿಯೇ ಉಳಿಯಿತು. ಇದೇ ಬಗೆಯ ಕ್ಯಾಮೆರಾಗಳು ಮಾರಾಟಕ್ಕೆ ಬಂದದ್ದು ವರ್ಷಗಳ ನಂತರ. 1986ರಲ್ಲಿ ಕ್ಯಾನನ್ ಆರ್‌ಸಿ-701 ಮೊದಲು ಬಂತು. ಜನಸಾಮಾನ್ಯರು ಅವುಗಳ ಕಡೆ ತಿರುಗಲಿಲ್ಲ.

1988ರಲ್ಲಿ ಫ್ಯೂಜಿ ತೋರಿಸಿದ ಡಿಎಸ್-1ಪಿ ಎಂಬ ಕ್ಯಾಮೆರಾ ನನ್ನ ದೃಷ್ಟಿಯಲ್ಲಿ ಇವತ್ತಿನ ಪಟ್ಟಿಯಲ್ಲೇ ಅತಿ ಮುಖ್ಯವಾದದ್ದು, ಮತ್ತು ಅತಿ ಕಡಿಮೆ ಮಂದಿಗೆ ಗೊತ್ತಿರುವಂಥದ್ದು. ಸಂಪೂರ್ಣ ಡಿಜಿಟಲ್. ಸುಮಾರು 4 ಲಕ್ಷ ಪಿಕ್ಸೆಲ್. ಟೇಪೂ ಇಲ್ಲ, ತಿರುಗುವ ತಟ್ಟೆಯೂ ಇಲ್ಲ. ಕಳಚಿ ಹಾಕಬಹುದಾದ ಒಂದು ಮೆಮೊರಿ ಕಾರ್ಡು. ತೋಶಿಬಾ ಜೊತೆ ಸೇರಿ ಮಾಡಿದ ಆ ಕಾರ್ಡಿನ ಸಾಮರ್ಥ್ಯ 2 ಮೆಗಾಬೈಟ್, ಹಿಡಿಯುತ್ತಿದ್ದದ್ದು ಐದರಿಂದ ಹತ್ತು ಚಿತ್ರ. ನಾವು ಇಂದು ಡಿಜಿಟಲ್ ಕ್ಯಾಮೆರಾ ಎಂದು ಕರೆಯುವ ವಸ್ತುವಿನ ಅಂಗಾಂಗಗಳೆಲ್ಲ ಅಲ್ಲಿದ್ದವು. ಆದರೂ ಅದು ಅಂಗಡಿಗೆ ಬರಲಿಲ್ಲ. ಕಾರಣ ಆ ಕಾರ್ಡಿನ ಒಳಗಿದೆ. ಅದರಲ್ಲಿದ್ದದ್ದು ಸ್ಟ್ಯಾಟಿಕ್ ರ್‍ಯಾಮ್. ಅದಕ್ಕೆ ವಿದ್ಯುತ್ ಸದಾ ಹರಿಯುತ್ತಿರಬೇಕು. ಆದ್ದರಿಂದ ಕಾರ್ಡಿನೊಳಗೇ ಪುಟ್ಟ ಬ್ಯಾಟರಿ. ಬ್ಯಾಟರಿ ಸತ್ತರೆ ಚಿತ್ರಗಳೂ ಸತ್ತಂತೆ. ಮೇಲಾಗಿ ಸ್ಟ್ಯಾಟಿಕ್ ರ್‍ಯಾಮ್ ಬಲು ದುಬಾರಿ. 36 ಚಿತ್ರದ ರೀಲು ಚಿಲ್ಲರೆ ಕಾಸಿಗೆ ಸಿಗುವಾಗ ಹತ್ತು ಚಿತ್ರಕ್ಕೆ ಇಂಥ ಕಾರ್ಡು ಯಾರು ಕೊಳ್ಳುತ್ತಾರೆ?

ಇನ್ನೊಂದು ಕಡೆ ನೋಡಿ. ವಿದ್ಯುತ್ ಇಲ್ಲದೆಯೂ ನೆನಪಿಡುವ ಫ್ಲ್ಯಾಶ್ ಮೆಮೊರಿಯನ್ನು ಕಂಡುಹಿಡಿದ ಫ್ಯೂಜಿಯೊ ಮಸುವೊಕಾ ಕೆಲಸ ಮಾಡುತ್ತಿದ್ದದ್ದು ಅದೇ ತೋಶಿಬಾದಲ್ಲಿ. ಇಂದು ಪೆನ್‌ಡ್ರೈವಿನಲ್ಲೂ ಮೊಬೈಲಿನಲ್ಲೂ ಇರುವ ನ್ಯಾಂಡ್ ಫ್ಲ್ಯಾಶನ್ನು 1987ರಲ್ಲಿ ಲೋಕದ ಮುಂದೆ ಇಟ್ಟದ್ದೂ ಅವರೇ. ಒಂದೇ ಕಂಪನಿಯ ಸೂರಿನಡಿ ಕಾಯಿಲೆಯೂ ಇತ್ತು, ಔಷಧಿಯೂ ಇತ್ತು. ಔಷಧಿ ಇನ್ನೂ ಹದಕ್ಕೆ ಬಂದಿರಲಿಲ್ಲ. ಫ್ಲ್ಯಾಶ್ ಕಾರ್ಡುಗಳು ಕ್ಯಾಮೆರಾಗಳಿಗೆ ಒದಗಿದ್ದು 90ರ ದಶಕದ ನಡುವಿನಲ್ಲಿ. ಫ್ಯೂಜಿ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಡಿಎಸ್-1ಪಿ ತೋರಿಸಿದ ಮರುವರ್ಷವೇ ಡಿಎಸ್-ಎಕ್ಸ್ ಎಂಬ ಕ್ಯಾಮೆರಾವನ್ನು ಜಪಾನಿನಲ್ಲಿ ಮಾರಾಟಕ್ಕೆ ಇಟ್ಟಿತು.

ಈಗ ನಾನು ಆಗ ಹೇಳಿದ ಬೇರೆ ವರ್ಷಕ್ಕೆ ಬಂದೆ. 1989.

ಅಷ್ಟು ಹೊತ್ತಿಗೆ ಕೊಡಾಕ್ ಬಹಳ ಮುಂದೆ ಬಂದಿತ್ತು. 1986ರಲ್ಲೇ 14 ಲಕ್ಷ ಪಿಕ್ಸೆಲ್ಲಿನ ಸೆನ್ಸರ್, ಎಂದರೆ ಬೆಳಕು ಹಿಡಿಯುವ ಚಿಪ್, ಮಾಡಿ ತೋರಿಸಿತ್ತು. ಸ್ಯಾಸನ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಹಿಲ್ಸ್ 1989ರಲ್ಲಿ ಕಟ್ಟಿದ ಕ್ಯಾಮೆರಾವನ್ನು ಇಂದು ಕೈಗೆ ಕೊಟ್ಟರೆ ನಿಮಗೆ ಅದು ಅಪರಿಚಿತ ಎನಿಸುವುದಿಲ್ಲ: ಎಸ್‌ಎಲ್‌ಆರ್ (ಮಸೂರದ ಮೂಲಕವೇ ನೋಡಿ ಚಿತ್ರ ತೆಗೆಯುವ ಬಗೆಯ) ಮೈಕಟ್ಟು, 12 ಲಕ್ಷ ಪಿಕ್ಸೆಲ್, ಮೆಮೊರಿ ಕಾರ್ಡು. ಮುಖ್ಯವಾಗಿ, ಚಿತ್ರವನ್ನು ಕುಗ್ಗಿಸುವ ಗಣಿತ ಕ್ಯಾಮೆರಾದ ಒಳಗೇ ಇತ್ತು. ಕಣ್ಣಿಗೆ ಕಾಣದ ಸೂಕ್ಷ್ಮ ವಿವರಗಳನ್ನು ಲೆಕ್ಕ ಹಾಕಿ ಬಿಟ್ಟು, ಉಳಿದದ್ದನ್ನು ಚಿಕ್ಕದಾಗಿ ಬರೆಯುವುದು. ಜೇಪೆಗ್ ಎಂಬ ಜಾಗತಿಕ ಮಾನದಂಡ ಬಂದದ್ದು 1992ರಲ್ಲಿ. ಇವರು ಅದಕ್ಕೂ ಮೊದಲೇ ಆ ದಾರಿ ಹಿಡಿದಿದ್ದರು. ಫ್ಯೂಜಿಯನ್ನು ಕಟ್ಟಿಹಾಕಿದ್ದ ಗಂಟನ್ನು ಬಿಚ್ಚುವ ಬಗೆ ಇದೇ. ಮೆಮೊರಿ ದುಬಾರಿಯಾದರೆ ಚಿತ್ರವನ್ನೇ ಚಿಕ್ಕದು ಮಾಡು. ಇದಕ್ಕೆ ಅವರಿಬ್ಬರ ಹೆಸರಿನಲ್ಲಿ ಪೇಟೆಂಟ್ ಕೂಡ ಇದೆ.

ಸ್ಯಾಸನ್ ಅವರೇ ಹೇಳಿರುವಂತೆ, ಮಾರಾಟ ವಿಭಾಗದವರು ಇದನ್ನು ಬೇಡವೆಂದದ್ದು ತಾಂತ್ರಿಕ ಕಾರಣಕ್ಕಲ್ಲ. ಮಾರಲು ಸಾಧ್ಯ ಎಂದು ಒಪ್ಪಿದರು. ಮಾರಿದರೆ ಫಿಲ್ಮಿನ ಮಾರಾಟವನ್ನು ತಿನ್ನುತ್ತದೆ, ಆದ್ದರಿಂದ ಬೇಡ ಎಂದರು. ನನ್ನ ಸಿಟ್ಟು ಇರುವುದು ಇಲ್ಲಿ. 1975ರಲ್ಲಿ ಅಡ್ಡ ನಿಂತದ್ದು ಪ್ರಕೃತಿ ಮತ್ತು ಕಾಲ. 1989ರಲ್ಲಿ ಅಡ್ಡ ನಿಂತದ್ದು ಮನುಷ್ಯರು. ಆ ಕ್ಯಾಮೆರಾ ಅಗ್ಗವಾಗಿರುತ್ತಿರಲಿಲ್ಲ, ಮೊದಮೊದಲು ಕೆಲವರೇ ಕೊಳ್ಳುತ್ತಿದ್ದರು, ನಿಜ. ಆದರೆ ಕೊಂಡವರು ಬಳಸಿ, ಬೈದು, ತಿದ್ದಿಸಿ, ಮುಂದಿನದನ್ನು ಉತ್ತಮಗೊಳಿಸುತ್ತಿದ್ದರು. ಪ್ರಯೋಗಾಲಯದ ಕಪಾಟು ಯಾವ ದೂರನ್ನೂ ಹೇಳುವುದಿಲ್ಲ. ಎರಡು ವರ್ಷದ ನಂತರ, 1991ರಲ್ಲಿ, ಕೊಡಾಕ್ ನಿಕಾನ್ ಎಫ್-3 ಕ್ಯಾಮೆರಾದ ಬೆನ್ನಿಗೆ ತನ್ನ ಸೆನ್ಸರ್ ಕಟ್ಟಿ, ಹೆಗಲಿಗೆ ಹಾರ್ಡ್ ಡಿಸ್ಕಿನ ಪೆಟ್ಟಿಗೆ ತಗುಲಿಹಾಕುವ ಡಿಸಿಎಸ್ ಎಂಬ ವ್ಯವಸ್ಥೆಯನ್ನು ಪತ್ರಿಕಾ ಛಾಯಾಗ್ರಾಹಕರಿಗೆ ಮಾರಿತು. ಮನೆಮಂದಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಮನೆಮಂದಿಯ ಕ್ಯಾಮೆರಾ ಬಂದದ್ದು ಅನಿರೀಕ್ಷಿತ ಕಡೆಯಿಂದ: ಗಡಿಯಾರ, ಕ್ಯಾಲ್ಕುಲೇಟರ್ ಮಾಡುತ್ತಿದ್ದ ಕ್ಯಾಸಿಯೊ. 1987ರಲ್ಲಿ ಅವರು ಮ್ಯಾವಿಕಾ ಮಾದರಿಯ ವಿಎಸ್-101 ಮಾಡಿ ಕೈ ಸುಟ್ಟುಕೊಂಡಿದ್ದರು. ಆದರೂ ಕೆಲವು ಎಂಜಿನಿಯರುಗಳು ಪಟ್ಟು ಬಿಡದೆ 1991ರಲ್ಲಿ ಡಿಸಿ-90 ಎಂಬ ಮೂಲಮಾದರಿ ಕಟ್ಟಿದರು. ತೂಕ ಸುಮಾರು 2.8 ಕಿಲೋ, ಮುಟ್ಟಿದರೆ ಬಿಸಿ. ಆ ಬಿಸಿ, ಆ ಭಾರದ ಮೇಲೆಯೇ ಅದಕ್ಕೆ ಅಡ್ಡಹೆಸರುಗಳೂ ಬಿದ್ದವು. ಅದನ್ನು ಮಾರುವ ಮಾತೇ ಇರಲಿಲ್ಲ. ಕ್ಯಾಮೆರಾ ಎಂದರೆ ಕಂಪನಿ ಹಣ ಕೊಡುವುದಿಲ್ಲವೆಂದು ಅವರು ಯೋಜನೆಯನ್ನು ‘ಕ್ಯಾಮೆರಾ ಇರುವ ಪಾಕೆಟ್ ಟಿವಿ’ ಎಂದು ಮಂಡಿಸಿದರು. ಮುಂದೆ ಟಿವಿಯ ಭಾಗ ಕಳಚಿತು, ಅದರ ಪುಟ್ಟ ಪರದೆ ಮಾತ್ರ ಉಳಿಯಿತು. 1995ರ ಮಾರ್ಚಿನಲ್ಲಿ ಕ್ಯೂವಿ-10 ಎಂಬ ಹೆಸರಿನಲ್ಲಿ 65,000 ಯೆನ್ ಬೆಲೆಗೆ ಅದು ಮಾರುಕಟ್ಟೆಗೆ ಬಂತು. ಎಲ್ಲಿ ಇಡುತ್ತೀರಿ? 2 ಮೆಗಾಬೈಟ್ ಫ್ಲ್ಯಾಶ್ ಮೆಮೊರಿಯಲ್ಲಿ, 96 ಚಿತ್ರ. ಎಲ್ಲಿ ನೋಡುತ್ತೀರಿ? ಕ್ಯಾಮೆರಾದ ಬೆನ್ನ ಮೇಲೆಯೇ, 1.8 ಅಂಗುಲದ ಪರದೆಯಲ್ಲಿ. ಚಿತ್ರದ ಗುಣಮಟ್ಟ ಸಾಧಾರಣ. ಅದನ್ನು ಯಾರೂ ಲೆಕ್ಕಿಸಲಿಲ್ಲ. ಸ್ಯಾಸನ್ ಹೇಳಿದ್ದ ಗಡುವಿನೊಳಗೇ, 20ನೆಯ ವರ್ಷದ ಅಂಚಿನಲ್ಲಿ, ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕೊನೆಯ ಉದಾಹರಣೆ ಬೇರೆ ಜಾತಿಯದು. 1998ರಲ್ಲಿ ಕ್ಯಾಲಿಫೋರ್ನಿಯಾದ ಇಮ್ಯಾಜೆಕ್ ಎಂಬ ಸಣ್ಣ ಕಂಪನಿ, ಮುಂದೆ ಸಿಲಿಕಾನ್ ಫಿಲ್ಮ್ ಎಂದು ಹೆಸರು ಬದಲಿಸಿಕೊಂಡದ್ದು, ಒಂದು ಆಸೆ ಹುಟ್ಟಿಸಿತು. ನಿಮ್ಮ ಹಳೆಯ ಫಿಲ್ಮ್ ಕ್ಯಾಮೆರಾವನ್ನು ಎಸೆಯಬೇಡಿ. ರೀಲಿನ ಜಾಗದಲ್ಲಿ ರೀಲಿನದೇ ಆಕಾರದ ನಮ್ಮ ತುಂಡನ್ನು ಹಾಕಿ, ಅದು ಡಿಜಿಟಲ್ ಆಗುತ್ತದೆ. ರೀಲಿನ ಡಬ್ಬಿಯ ಭಾಗದಲ್ಲಿ ಬ್ಯಾಟರಿ ಮತ್ತು ಮೆಮೊರಿ, ಅದರಿಂದ ಚಾಚಿದ ನಾಲಿಗೆಯ ಮೇಲೆ 13 ಲಕ್ಷ ಪಿಕ್ಸೆಲ್ಲಿನ ಸೆನ್ಸರ್, ಒಟ್ಟು 24 ಚಿತ್ರ. ಒಳ್ಳೆಯ ಮಸೂರಗಳಿಗೆ ಜೀವಮಾನದ ಉಳಿತಾಯ ಸುರಿದ ಛಾಯಾಗ್ರಾಹಕರಿಗೆ ಇದು ವರವೇ ಅನಿಸಿತು, ಮತ್ತು ಆ ಆಸೆಯನ್ನು ನಾನು ಪೂರ್ತಿ ಅರ್ಥ ಮಾಡಿಕೊಳ್ಳಬಲ್ಲೆ. ಕಷ್ಟ ಎಲ್ಲಿತ್ತೆಂದರೆ, ಫಿಲ್ಮು ಕೂರುವ ಜಾಗ ಬಹಳ ತೆಳು. ಸೆನ್ಸರ್, ಅದರ ಗಾಜು, ತಂತಿ ಎಲ್ಲವೂ ಅಲ್ಲಿ ಹಿಡಿಸಬೇಕು. ಹಳೆಯ ಕ್ಯಾಮೆರಾಕ್ಕೂ ಈ ತುಂಡಿಗೂ ವಿದ್ಯುತ್ ಸಂಪರ್ಕವಿಲ್ಲ. ಒಂದೊಂದು ಮಾದರಿಯ ಒಳಜಾಗ ಒಂದೊಂದು ಅಳತೆ, ಆದ್ದರಿಂದ ನಿಕಾನ್, ಕ್ಯಾನನ್‌ನ ಕೆಲವೇ ಮಾದರಿಗಳಿಗೆ ಹೊಂದುವಂತೆ ಮಾಡಹೊರಟರು. ಸೆನ್ಸರ್ ಫಿಲ್ಮಿನ ಚೌಕಕ್ಕಿಂತ ತೀರ ಚಿಕ್ಕದು, ಹಾಗಾಗಿ ಮಸೂರ ಕಂಡ ನೋಟದ ನಡುಭಾಗ ಮಾತ್ರ ಚಿತ್ರಕ್ಕೆ ಬರುತ್ತಿತ್ತು. ತೆಗೆದದ್ದನ್ನು ನೋಡಲು ಪರದೆ ಇಲ್ಲ. ವರ್ಷ ವರ್ಷ ಗಡುವು ಮುಂದೆ ಹೋಯಿತು. ಅಷ್ಟರಲ್ಲಿ 1999ರ ನಿಕಾನ್ ಕೂಲ್‌ಪಿಕ್ಸ್ 950ರಲ್ಲಿ 20 ಲಕ್ಷ, 2000ದ ಕ್ಯಾನನ್ ಡಿ-30ರಲ್ಲಿ 30 ಲಕ್ಷ ಪಿಕ್ಸೆಲ್ ಬಂದವು. 2001ರಲ್ಲಿ ಕೆಲಸ ಮಾಡುವ ಮಾದರಿಯನ್ನು ಪ್ರದರ್ಶನದಲ್ಲಿ ತೋರಿಸಿದರಾದರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಕೆಲಸ ನಿಲ್ಲಿಸಿತು. ಉಳಿದವರೆಲ್ಲ ಕಾಲಕ್ಕಿಂತ ಮೊದಲು ಬಂದು ಸೋತರು, ಇವರೊಬ್ಬರು ಕಾಲ ಮೀರಿ ಸೋತರು.

ಸಭೆಯಲ್ಲಿ ಬಂದ ಪ್ರಶ್ನೆಗಳು:

1989ರ ಕ್ಯಾಮೆರಾವನ್ನು ಮಾರಿದ್ದರೆ ಕೊಡಾಕ್ ಉಳಿಯುತ್ತಿತ್ತೇ ಎಂದು ಹಿರಿಯರೊಬ್ಬರು ಕೇಳಿದರು. ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಾಕ್ ಮೊದಲ ಸ್ಥಾನದಲ್ಲಿತ್ತು ಎಂಬುದನ್ನು ಅದರ ಪತನದ ಕತೆ ಹೇಳುವವರು ಮರೆಯುತ್ತಾರೆ. ಅದರ ಸಂಪತ್ತು ಬೆಳೆದದ್ದು ಕ್ಯಾಮೆರಾದಿಂದಲ್ಲ. ಪದೇ ಪದೇ ಕೊಳ್ಳಬೇಕಾದ ಫಿಲ್ಮು, ಕಾಗದ, ರಾಸಾಯನಿಕಗಳಿಂದ. ಎಷ್ಟೇ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಮಾಡಿದ್ದರೂ ಆ ಆದಾಯ ಮರಳುತ್ತಿರಲಿಲ್ಲ. ಮುಂದೆ ಮೊಬೈಲು ಬಂದು ಪುಟ್ಟ ಕ್ಯಾಮೆರಾಗಳ ಇಡೀ ಮಾರುಕಟ್ಟೆಯನ್ನೇ ನುಂಗಿತು. ಫ್ಯೂಜಿ ಉಳಿದುಕೊಂಡದ್ದು ಕ್ಯಾಮೆರಾದ ಬಲದಿಂದ ಮಾತ್ರವಲ್ಲ, ಫಿಲ್ಮಿನ ರಸಾಯನ ವಿದ್ಯೆಯನ್ನು ಎಲ್‌ಸಿಡಿ ಪರದೆಯ ಪದರಗಳಿಗೂ ಔಷಧ, ಸೌಂದರ್ಯ ಸಾಮಗ್ರಿಗಳಿಗೂ ತಿರುಗಿಸಿದ್ದರಿಂದ. 1989ರ ನಿರ್ಧಾರ ತಪ್ಪು ಎನ್ನುವಾಗ ನಾನು ಕಂಪನಿಯ ಲಾಭದ ಬಗ್ಗೆ ಯೋಚಿಸುತ್ತಿಲ್ಲ. ಒಂದು ಒಳ್ಳೆಯ ಯಂತ್ರ ಬೇಕಾದವರ ಕೈ ಸೇರಬೇಕಿತ್ತು, ಸೇರಲಿಲ್ಲ. ನನ್ನ ಬೇಸರ ಅಷ್ಟೇ.

ಘೋಷಣೆಯಾಗಿ ಕೈಬಿಟ್ಟ ದೊಡ್ಡ ಕ್ಯಾಮೆರಾ ಯಾವುದಾದರೂ ಇದೆಯೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಇದೆ. 2000ದಲ್ಲಿ ಜರ್ಮನಿಯ ಫೋಟೊಕಿನಾ ಮೇಳದಲ್ಲಿ ಪೆಂಟ್ಯಾಕ್ಸ್ ಒಂದು ಮೂಲಮಾದರಿ ಇಟ್ಟಿತ್ತು. ಫಿಲಿಪ್ಸ್‌ನ 60 ಲಕ್ಷ ಪಿಕ್ಸೆಲ್ಲಿನ ಸೆನ್ಸರ್, ಗಾತ್ರ 35 ಮಿಲಿಮೀಟರ್ ಫಿಲ್ಮಿನ ಚೌಕದಷ್ಟೇ. ಮರುವರ್ಷ ತಯಾರಿಕೆಯ ವೆಚ್ಚದ ಕಾರಣ ಹೇಳಿ ಕೈಬಿಟ್ಟರು. ಅದೇ ಸೆನ್ಸರ್ ಕಾಂಟ್ಯಾಕ್ಸ್ ಎನ್ ಡಿಜಿಟಲ್ ಕ್ಯಾಮೆರಾದಲ್ಲಿ ಮಾರಾಟಕ್ಕೆ ಬಂತು. ಪೆಂಟ್ಯಾಕ್ಸ್ ಹೆಸರಿನ, ಅಷ್ಟೇ ದೊಡ್ಡ ಸೆನ್ಸರಿನ ಡಿಜಿಟಲ್ ಎಸ್‌ಎಲ್‌ಆರ್ ಅಂಗಡಿಗೆ ಬಂದದ್ದು 2016ರಲ್ಲಿ, ಕೆ-1 ಎಂಬ ಹೆಸರಿನಲ್ಲಿ.